ಗಾಡಿ ಮಾತು: ಜೀಪಿನ ಕೆಳಗಿನ ‘ಟಕ್’ ಸದ್ದು

ಪ್ರಶ್ನೆ: ಕಾಕಾ ಅವರಿಗೆ ನಮಸ್ಕಾರ. ನಮ್ಮಲ್ಲಿ ತೊಂಬತ್ತರ ದಶಕದ ಮಹೀಂದ್ರಾ ಜೀಪು ಇದೆ, ಫೋರ್ ವೀಲ್ ಡ್ರೈವ್. ರಿವರ್ಸ್ ಗೇರು ಹಾಕಿ ಕ್ಲಚ್ ಬಿಟ್ಟರೆ ಕೆಳಗೆ ‘ಟಕ್’ ಎನ್ನುತ್ತದೆ. ನಿಧಾನವಾಗಿ ಹೊರಟಾಗ ಕಿಚಿಕಿಚಿ ಸದ್ದು. ವಿಜಯಪುರದ ರಸ್ತೆಯಲ್ಲಿ ವೇಗ ಅರವತ್ತು ದಾಟಿದರೆ ಸೀಟು ನಡುಗುತ್ತದೆ. ಎಂಜಿನ್ ಮೌಂಟಿಂಗ್ ಬದಲಿಸಿದರೂ ಫರಕು ಬೀಳಲಿಲ್ಲ. ಈಗ ಡಿಫರೆನ್ಷಿಯಲ್ (ಹಿಂದಿನ ಗಾಲಿಗಳ ನಡುವಿನ ಗೇರುಗಳ ಪೆಟ್ಟಿಗೆ) ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?
– ಓದುಗರು, ಜಮಖಂಡಿ

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದ ಮೂರೂ ಲಕ್ಷಣಕ್ಕೆ ನಾನು ಮೊದಲು ಅನುಮಾನಿಸುವುದು ಎಂಜಿನ್ನಿನ ಶಕ್ತಿಯನ್ನು ಗಾಲಿಗಳ ಕಡೆಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕ್ರಾಸುಗಳನ್ನು, ಅಂದರೆ ಶಾಫ್ಟಿನ ತುದಿಯಲ್ಲಿರುವ, ಓರೆಯಾಗಿಯೂ ತಿರುಗಲು ಬಿಡುವ ಯುನಿವರ್ಸಲ್ ಜಾಯಿಂಟುಗಳನ್ನು. ಅದನ್ನು ನೋಡದೆ ಡಿಫರೆನ್ಷಿಯಲ್ಲಿಗೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ನ್ಯೂಟ್ರಲ್ಲಿನಲ್ಲಿ ಇಡಿ. ಕೆಳಗೆ ಮಲಗಿ ಒಂದು ಕೈಯಲ್ಲಿ ಶಾಫ್ಟು, ಇನ್ನೊಂದರಲ್ಲಿ ಕ್ರಾಸಿನ ಆಚೆ ಬದಿಯ ಯೋಕು (ಕ್ರಾಸನ್ನು ಹಿಡಿಯುವ ಕವಲು) ಹಿಡಿದು ಎದುರುಬದುರಾಗಿ ತಿರುವಿ. ಎರಡೂ ಕೂಡಿಯೇ ಸ್ವಲ್ಪ ತಿರುಗಿದರೆ ಅದು ಡಿಫರೆನ್ಷಿಯಲ್ ಹಲ್ಲುಗಳ ಸಡಿಲು, ಹಳೆಯ ಗಾಡಿಯಲ್ಲಿ ಅಷ್ಟಿಷ್ಟು ಇದ್ದೇ ಇರುತ್ತದೆ. ಒಂದು ನಿಂತು ಇನ್ನೊಂದು ಅಲುಗಿದರೆ ಕ್ರಾಸು ಹೋಗಿದೆ. ಕ್ರಾಸಿನ ತೋಳಿನ ತುದಿಗೆ ಟೋಪಿಯಂತೆ ಕೂರುವ ಬೇರಿಂಗ್ ಕಪ್‌ನ ಸೀಲಿನ ಸುತ್ತ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗಿಗೆ (ಸೂಜಿಯಂಥ ತೆಳು ರೋಲರುಗಳಿಗೆ) ತುಕ್ಕು ಬಂದಿದೆ ಎಂದೇ ಲೆಕ್ಕ.

ಶಾಫ್ಟು ಕಳಚಿದ ಮೇಲೂ ಆ ಕಲ್ಲುಗಳು ಅಲ್ಲೇ ಇರಲಿ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಶಾಫ್ಟಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬೆನ್ನಿಗೇ ಇರುತ್ತದೆ. ಹಿಂದಿನ ಶಾಫ್ಟು ಇಲ್ಲದಿದ್ದರೆ ಆ ಬ್ರೇಕು ಗಾಲಿಯನ್ನು ಹಿಡಿಯುವುದಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯವೂ ಕೆಲಸಕ್ಕೆ ಬಾರದು.

ಬಿಚ್ಚುವ ಮೊದಲು ಪೇಂಟಿನಿಂದ ಗುರುತು ಹಾಕಿ: ಯೋಕಿಗೂ ಅದು ಬೋಲ್ಟಿನಿಂದ ಕೂರುವ ಫ್ಲಾಂಜಿಗೂ ಒಂದು, ಶಾಫ್ಟಿನ ಹಿಂದೆ ಮುಂದೆ ಜಾರುವ ಹಲ್ಲಿನ ಜೋಡಣೆಯ, ಅಂದರೆ ಸ್ಪ್ಲೈನಿನ ಎರಡೂ ಭಾಗಕ್ಕೆ ಇನ್ನೊಂದು. ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿ ಇರಬೇಕು. ಹಲ್ಲು ತಪ್ಪಿ ಕೂರಿಸಿದರೆ ಹೊಸ ಕ್ರಾಸು ಹಾಕಿದರೂ ನಡುಕ ನಿಲ್ಲುವುದಿಲ್ಲ.

ಹಳೆಯ ಕ್ರಾಸು ಹೊರಗೆ ತೆಗೆಯಲು ಬೆಂಚ್ ವೈಸ್ ಸಾಕು. ಕಪ್ ಹೊರಬರದಂತೆ ಹಿಡಿಯುವ ಲಾಕುಗಳನ್ನು ತೆಗೆದು, ಒಂದು ಬದಿಗೆ ಕಪ್‌ಗಿಂತ ಚಿಕ್ಕ ಸಾಕೆಟ್, ಇನ್ನೊಂದು ಬದಿಗೆ ಕಪ್ ಒಳಗೆ ಇಳಿಯುವಷ್ಟು ದೊಡ್ಡ ಸಾಕೆಟ್ ಇಟ್ಟು ಬಿಗಿಯಿರಿ. ಸುತ್ತಿಗೆಯಿಂದ ಯೋಕಿನ ಕಿವಿಗೆ ಬಾರಿಸುವ ಮೇಸ್ತ್ರಿಗಳಿದ್ದಾರೆ. ಕಿವಿ ಕೂದಲೆಳೆಯಷ್ಟು ಬಾಗಿದರೂ ಹೊಸ ಕ್ರಾಸು ಬಿಗಿಯಾಗಿ ಕುಳಿತು ಬೇಗ ಹಾಳಾಗುತ್ತದೆ. ತೆಗೆದ ಕ್ರಾಸಿನ ತೋಳಿನ ಮೇಲೆ ಉಗುರು ಆಡಿಸಿ ನೋಡಿ. ಸೂಜಿಗಳು ಕೊರೆದ ಗೆರೆಗಳು ಉಗುರಿಗೆ ಸಿಗುತ್ತವೆ.

ಹೊಸದನ್ನು ತರಲು ಹಳೆಯ ಕ್ರಾಸನ್ನೇ ಅಂಗಡಿಗೆ ಒಯ್ಯಿರಿ. ಗಾಡಿಯ ಹೆಸರು ಹೇಳಿ ತಂದರೆ ಅಳತೆ ತಪ್ಪುವುದೇ ಹೆಚ್ಚು. ಹಿಂದಿನ ಶಾಫ್ಟಿನ ಎರಡನ್ನೂ ಒಟ್ಟಿಗೆ ಬದಲಿಸಿ. ಮುಂದಿನ ಶಾಫ್ಟಿನದು ಗಟ್ಟಿಯಿದ್ದರೆ ಅದನ್ನು ಮುಟ್ಟಬೇಡಿ.

ಜೋಡಿಸುವಾಗ ಎಡವುವ ಜಾಗ ಒಂದೇ. ಕಪ್ ಒಳಗಿನ ಸೂಜಿಯೊಂದು ಉರುಳಿ ತಳದಲ್ಲಿ ಅಡ್ಡ ಮಲಗುತ್ತದೆ. ಆಗ ಕಪ್ ಪೂರ್ತಿ ಇಳಿಯುವುದಿಲ್ಲ, ಲಾಕು ಕೂರುವ ತೋಡು ಅರ್ಧವಷ್ಟೇ ಕಾಣುತ್ತದೆ. ವೈಸನ್ನು ಇನ್ನಷ್ಟು ಬಿಗಿದರೆ ಸೂಜಿ ಮುರಿಯುತ್ತದೆ. ಕಪ್ ಹೊರಗೆ ತೆಗೆದು, ದಪ್ಪ ಗ್ರೀಸಿನಲ್ಲಿ ಸೂಜಿಗಳನ್ನು ಗೋಡೆಗೆ ಅಂಟಿಸಿ, ಕ್ರಾಸಿನ ತೋಳನ್ನು ಎರಡೂ ಕಪ್‌ಗಳೊಳಗೆ ತೂರಿಸಿಟ್ಟುಕೊಂಡೇ ಒತ್ತಿ. ನಿಪ್ಪಲ್ ಗ್ರೀಸ್ ಗನ್ನಿಗೆ ಎಟುಕುವ ಕಡೆ ಇರಲಿ. ನಾಲ್ಕೂ ಸೀಲಿನಿಂದ ಗ್ರೀಸ್ ಇಣುಕುವವರೆಗೆ ಹೊಡೆಯಿರಿ. ಎರೆಮಣ್ಣಿನ ರಾಡಿಯಲ್ಲಿ ಓಡಿಸಿ ಬಂದಾಗಲೆಲ್ಲ ಮತ್ತೆ ಹೊಡೆಯುವುದು ಒಳ್ಳೆಯದು.

ಕಪ್ ಬೆರಳಿನಿಂದ ತಳ್ಳಿದರೇ ಒಳಗೆ ಹೋದರೆ ಯೋಕಿನ ತೂತು ಸವೆದಿದೆ. ವೆಲ್ಡಿಂಗ್ ತೇಪೆ ಬೇಡ, ಯೋಕು ಬದಲಿಸಿ.

ಪ್ರಶ್ನೆ: ಕಬ್ಬಿನ ಹೊಲದಿಂದ ಹೊರಬಂದ ಮೇಲೂ ಫೋರ್ ವೀಲ್ ಹಾಕಿಕೊಂಡೇ ಡಾಂಬರು ರಸ್ತೆಯಲ್ಲಿ ಓಡಿಸುತ್ತೇವೆ. ತಿರುವಿನಲ್ಲಿ ಸ್ಟೇರಿಂಗ್ ಬಿಗಿಯುತ್ತದೆ. ಏಕೆ?
– ಓದುಗರು, ಮುಧೋಳ

ಉತ್ತರ: ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಹಳೆಯ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟಿನ ನಡುವೆ ಡಿಫರೆನ್ಷಿಯಲ್ ಇಲ್ಲ, ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರಿನಲ್ಲಿ ಗಾಲಿ ಜಾರಿ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರದೆ ಆ ಬಿಗಿತವೆಲ್ಲ ಕ್ರಾಸಿಗೂ ಟ್ರಾನ್ಸ್‌ಫರ್ ಕೇಸಿಗೂ ಬೀಳುತ್ತದೆ. ರಸ್ತೆಗೆ ಬಂದೊಡನೆ ಟೂ ವೀಲಿಗೆ ತನ್ನಿ. ಲಿವರ್ ಬರದಿದ್ದರೆ ಎಳೆದಾಡಬೇಡಿ. ಗಾಡಿಯನ್ನು ನೇರವಾಗಿ ಸ್ವಲ್ಪ ಹಿಂದಕ್ಕೆ ಓಡಿಸಿ, ಸಡಿಲಾಗಿ ಬರುತ್ತದೆ.