ಕರೆಂಟ್ ಕೊಡುವುದು ಮುಗಿದರೂ ಸುಸ್ತು ಮುಗಿದಿಲ್ಲ, ನಾನು ಸೋಮಾರಿಯಾ?

ಪ್ರಶ್ನೆ: ನನಗೆ 48 ವರ್ಷ. ಪಡುಬಿದ್ರಿ ಹತ್ತಿರ ಮನೆ. ಎಡಗಡೆ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ. ಕೊನೆಗೆ ಮಂಗಳೂರಿನಲ್ಲಿ ಮೂರು ವಾರ, ಒಟ್ಟು 15 ಸಲ ಕರೆಂಟ್, ಅಂದರೆ ರೇಡಿಯೇಶನ್ ಕೊಟ್ಟರು. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಆಗಲೂ ಇಷ್ಟು ಸುಸ್ತಿರಲಿಲ್ಲ. ಈಗ ಎರಡು ತಿಂಗಳಾಗುತ್ತಾ ಬಂತು, ಸ್ನಾನ ಮಾಡಿ ಬಂದರೆ ಮಂಚದ ಮೇಲೆ ಕೂರಬೇಕು. ಕ್ಯಾನ್ಸರ್ ವಾಪಸ್ ಬರದಿರಲಿ ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಅತ್ತೆ "ಎಲ್ಲ ಮುಗಿಯಿತಲ್ಲ, ಇನ್ನು ಎಂತ ಸುಸ್ತು" ಎನ್ನುತ್ತಾರೆ. ಮೈದುನನ ಮಗುವನ್ನು ನನ್ನ ಹತ್ತಿರ ಬಿಡುವುದಿಲ್ಲ. ಮುಂದಿನ ತಿಂಗಳು ಕುಟುಂಬದ ಮನೆಯಲ್ಲಿ ದೈವದ ನೇಮ. ಹಿರಿ ಸೊಸೆ ನಾನೇ. ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ, ಅಡುಗೆಮನೆಯಲ್ಲಿ ನಿಲ್ಲಲು ಮೈ ಕೇಳುವುದಿಲ್ಲ. ನಾನು ಸೋಮಾರಿ ಆಗಿಬಿಟ್ಟೆನಾ?

ಉತ್ತರ: ಅಕ್ಕಾ, ಸೋಮಾರಿಗಳು ಕೆಲಸ ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಕಾಗದ ಬರೆಯುವುದಿಲ್ಲ.

ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅಂತಾರಲ್ಲ, ನಿಮ್ಮದು ಅದೇ. ರೇಡಿಯೇಶನ್ನಿನ ಸುಸ್ತು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ, ತುಂಬಾ ಜನರಿಗೆ ಅದು ಜೋರಾಗುವುದೇ ಕೊನೆಯ ವಾರದಲ್ಲಿ ಅಥವಾ ಎಲ್ಲ ಮುಗಿದ ಒಂದೆರಡು ವಾರದಲ್ಲಿ, ಅಂದರೆ ಮನೆಯವರೆಲ್ಲ "ಸದ್ಯ ಮುಗಿಯಿತು" ಅಂತ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ. ಆಮೇಲೆ ವಾರಗಳು, ತಿಂಗಳುಗಳು ಹಿಡಿದು ಮೆಲ್ಲಗೆ ಇಳಿಯುತ್ತದೆ. ನಿಮಗೆ ಮೊದಲೇ ಆಪರೇಷನ್, ಕೀಮೋ ಎರಡೂ ಆಗಿದೆ. ಹಾಗಾಗಿ ಸ್ವಲ್ಪ ನಿಧಾನವಾದರೆ ಆಶ್ಚರ್ಯ ಇಲ್ಲ. ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ, ಅದಕ್ಕೇ ಬೇರೆಯವರಿಗೆ ಅರ್ಥವಾಗುವುದಿಲ್ಲ.

ಹಾಗಂತ ಎಲ್ಲವನ್ನೂ ಕರೆಂಟಿನ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಮುಂದಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಬೇಕಾ ಅಂತ ಬಾಯಿಬಿಟ್ಟು ಕೇಳಿ. ರಾತ್ರಿ ಮೈ ಬಿಸಿಯಾಗಿ ಬೆವತು ಎಚ್ಚರವಾಗುತ್ತಿದೆಯಾ? ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಗೊತ್ತೇ ಆಗುವುದಿಲ್ಲ, ಫ್ಯಾನ್ ಜೋರು ಮಾಡಿ ಮಲಗುತ್ತೇವೆ ಅಷ್ಟೇ. ಅದು ಮಾತ್ರೆಯಿಂದಲೂ ಆಗಬಹುದು, ಡಾಕ್ಟರಿಗೆ ಹೇಳಿದರೆ ದಾರಿ ಇದೆ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಮನಸ್ಸು ಯಾವುದರಲ್ಲೂ ನಿಲ್ಲದೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಅದನ್ನೂ ಹೇಳಿ. ಅದಕ್ಕೆ ಬೇರೆ ಡಾಕ್ಟರ್ ಹತ್ತಿರ ಹೋದರೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೇನೆ ಎನ್ನುವುದು ನಿಮ್ಮ ಮೊದಲ ಮಾತಾಗಿರಲಿ, ಯಾಕೆಂದರೆ ಮನಸ್ಸಿಗೆ ಕೊಡುವ ಕೆಲವು ಮಾತ್ರೆಗಳು ಅದರ ಕೆಲಸವನ್ನು ಕಡಿಮೆ ಮಾಡುತ್ತವೆ. ಶಕ್ತಿ ಬರುತ್ತದೆ ಅಂತ ನೆಂಟರು ತಂದುಕೊಡುವ ಲೇಹ್ಯ, ಕಷಾಯಗಳೂ ಅಷ್ಟೇ, ಡಾಕ್ಟರಿಗೆ ತೋರಿಸಿದ ಮೇಲೆಯೇ ಬಾಯಿಗೆ.

ಕೆಲವಕ್ಕೆ ತಪಾಸಣೆಯ ದಿನದವರೆಗೂ ಕಾಯಬಾರದು. ಒಣಕೆಮ್ಮು, ನಡೆದರೆ ಏದುಸಿರು, ಸಣ್ಣ ಜ್ವರ ಬಂದರೆ ಬೇಗ ಹೋಗಿ ತೋರಿಸಿ. ರೇಡಿಯೇಶನ್ ಮುಗಿದ ಮೊದಲ ಆರು ತಿಂಗಳಲ್ಲಿ ಶ್ವಾಸಕೋಶ ಉರಿಯೂತ ಆಗುವುದುಂಟು, ಜಾಸ್ತಿ ಜನಕ್ಕಲ್ಲ, ಆದರೆ ಮಳೆಗಾಲದ ಕೆಮ್ಮು ಅಂತ ತಳ್ಳಿಹಾಕುವುದು ಸುಲಭ. ಎದೆನೋವು ಬಂದರೆ ತಕ್ಷಣ ಆಸ್ಪತ್ರೆ. ಇನ್ನೊಂದು, ಎಡಗೈ ಬಳೆಯ ಮೇಲೆ ಕಣ್ಣಿಡಿ. ನಿನ್ನೆವರೆಗೆ ಸಲೀಸಾಗಿ ತಿರುಗುತ್ತಿದ್ದ ಬಳೆ ಬಿಗಿಯಾಗಿದ್ದರೆ ಕೈಗೆ ನೀರು ತುಂಬುತ್ತಿರಬಹುದು, ಕಂಕುಳಿನ ಗಂಟು ತೆಗೆದವರಿಗೆ ಅದು ಆಗುತ್ತದೆ. ಶುರುವಿನಲ್ಲೇ ತೋರಿಸಿದರೆ ಹತೋಟಿಗೆ ತರುವುದು ಸುಲಭ.

ಈಗ ನಿಮಗೆ ಸಿಟ್ಟು ಬರುವ ಮಾತು. ಸುಸ್ತು ಅಂತ ಇಡೀ ದಿನ ಮಲಗಿದರೆ ಸುಸ್ತು ಇನ್ನೂ ಜಾಸ್ತಿ ಆಗುತ್ತದೆ. ಈ ಸುಸ್ತಿಗೆ ಸದ್ಯಕ್ಕೆ ಇರುವ ಒಳ್ಳೆಯ ಮದ್ದು ನಡಿಗೆ ಮಾರಾಯ್ರೆ, ನನಗೂ ವಿಚಿತ್ರ ಅನಿಸುತ್ತದೆ, ಆದರೆ ಹೌದು. ಬೆಳಿಗ್ಗೆ ಬಿಸಿಲೇರುವ ಮೊದಲು ಅಂಗಳದಿಂದ ರಸ್ತೆಯವರೆಗೆ ಹತ್ತು ನಿಮಿಷ ಸಾಕು. ಮಾರನೇ ದಿನ ಏಳಲಿಕ್ಕೇ ಆಗದಿದ್ದರೆ ಜಾಸ್ತಿಯಾಯಿತು ಅಂತ ಲೆಕ್ಕ, ಐದಕ್ಕೆ ಇಳಿಸಿ. ಏಳಲು ಆದರೆ ವಾರಕ್ಕಿಷ್ಟು ಅಂತ ಏರಿಸಿ. ವಾರದಲ್ಲಿ ಮೂರು ದಿನ ಅರ್ಧ ಗಂಟೆ ಸ್ವಲ್ಪ ಬಿರುಸಾಗಿ ನಡೆಯುವ ಹಾಗಾದರೆ ಬಹಳ ಒಳ್ಳೆಯದು. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಲಗಿ, ಸಂಜೆವರೆಗೆ ಎಳೆಯಬೇಡಿ, ರಾತ್ರಿ ನಿದ್ದೆ ಕೆಡುತ್ತದೆ.

ಮಗುವಿನ ವಿಷಯ ಓದಿ ನನಗೆ ಹೊಟ್ಟೆ ಉರಿಯಿತು. ಹೊರಗಿನ ಮೆಷಿನ್ನಿನಿಂದ ಕೊಟ್ಟ ರೇಡಿಯೇಶನ್ ಮೈಯಲ್ಲಿ ಉಳಿಯುವುದಿಲ್ಲ. ಮೊದಲ ದಿನದ ಕರೆಂಟ್ ಮುಗಿಸಿ ಬಂದ ಸಂಜೆಯೇ ನೀವು ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದಿತ್ತು. ಇದನ್ನು ಓರಗಿತ್ತಿಗೆ ನೇರವಾಗಿ ಹೇಳಿ.

ಅತ್ತೆಯ ಮಾತು ಚುಚ್ಚುತ್ತದೆ, ನಿಜ. ಆದರೆ "ಮುಗಿಯಿತಲ್ಲ" ಎನ್ನುವುದರಲ್ಲಿ ಅರ್ಧ ಗದರಿಕೆ ಇದ್ದರೆ ಅರ್ಧ ಭಯವೂ ಇರಬಹುದು, ಇನ್ನೂ ಮುಗಿದಿಲ್ಲ ಎಂದರೆ ಅವರಿಗೂ ಕಾಯಿಲೆ ವಾಪಸ್ ಬಂತಾ ಅನಿಸುತ್ತದೆ. ಅವರ ಹತ್ತಿರ ಸುಸ್ತು ಸುಸ್ತು ಅನ್ನಬೇಡಿ. ಸೊಂಟನೋವು, ಮಂಡಿನೋವಿನ ಮಧ್ಯೆ ಅವರೂ ಅದನ್ನೇ ಹೇಳುತ್ತಾ ಬಂದವರು. "ಅತ್ತೆ, ಇವತ್ತು ಬಟ್ಟೆ ಒಗೆದರೆ ಅಡುಗೆ ಆಗುವುದಿಲ್ಲ, ಯಾವುದು ಮಾಡಲಿ?" ಅಂತ ಕೇಳಿ. ತರಕಾರಿ ಸ್ಟೂಲ್ ಮೇಲೆ ಕೂತು ಹೆಚ್ಚಿ. ತುರಿಮಣೆ ಮೇಲೆ ಕೂತು ಎರಡು ತೆಂಗಿನಕಾಯಿ ತುರಿಯುವುದು, ಬಾವಿಯಿಂದ ಕೊಡಪಾನ ಸೇದುವುದು ಸದ್ಯಕ್ಕೆ ಬೇರೆಯವರದ್ದು. ಭಾರ ಎತ್ತುವುದನ್ನು ಯಾವಾಗ ಶುರು ಮಾಡಬಹುದು ಅಂತ ಫಿಸಿಯೋಥೆರಪಿಯವರನ್ನು ಕೇಳಿ, ಜೊತೆಗೆ ಅವರು ಹೇಳಿಕೊಟ್ಟ ಭುಜದ ವ್ಯಾಯಾಮ ಬಿಡಬೇಡಿ.

ನೇಮಕ್ಕೆ ಹೋಗಿ. ಮನೆಯಲ್ಲೇ ಕೂತರೆ ಇನ್ನೂ ಕೊರಗುತ್ತೀರಿ. ಆದರೆ ಹಿಂದಿನ ದಿನವೇ ಹೋಗಿ ಸೆರಗು ಸಿಕ್ಕಿಸಿ ನಿಲ್ಲುವ ಹಿರಿ ಸೊಸೆಯಾಗಿ ಬೇಡ. ಸಂಜೆ ಹೋಗಿ, ಗಾಳಿ ಆಡುವ ಕಡೆ ಕುರ್ಚಿ ಹಾಕಿಸಿಕೊಂಡು ಕೂತು, ಒಂದಷ್ಟು ಹೊತ್ತು ನೋಡಿ, ಕೈಮುಗಿದು ಮನೆಗೆ ಬನ್ನಿ, ಬೆಳಗಿನವರೆಗೆ ನಿದ್ದೆಗೆಡುವ ಶಕ್ತಿ ಈಗ ನಿಮ್ಮಲ್ಲಿಲ್ಲ. ಇದನ್ನು ಓರಗಿತ್ತಿ, ನಾದಿನಿಯರಿಗೆ ಈ ವಾರವೇ ಫೋನ್ ಮಾಡಿ ಹೇಳಿ. ಕೊನೇ ಗಳಿಗೆಯಲ್ಲಿ ಹೇಳಿದರೆ ಅವರಿಗೆ ಕೋಪ ಬರುವುದು ಸಹಜ, ಈಗಲೇ ಹೇಳಿದರೆ ಕ್ಯಾಟರಿಂಗ್‌ನವರನ್ನು ಕೇಳಲು ಸಮಯ ಇರುತ್ತದೆ. ಖರ್ಚಿನ ಮಾತು ಬಂದರೆ ನಿಮ್ಮ ಯಜಮಾನರು ಮಾತಾಡಲಿ.

ಅಂದ ಹಾಗೆ, ಇಡೀ ಕಾಗದದಲ್ಲಿ ಯಜಮಾನರ ಸುದ್ದಿಯೇ ಇಲ್ಲ. ಮುಂದಿನ ತಪಾಸಣೆಗೆ ಅವರನ್ನು ಹೊರಗಿನ ಬೆಂಚಿನಲ್ಲಿ ಫೈಲ್ ಹಿಡಿದು ಕೂರಲು ಬಿಡಬೇಡಿ, ಡಾಕ್ಟರ್ ರೂಮಿನೊಳಗೆ ಕರೆದುಕೊಂಡು ಹೋಗಿ. "ಈ ಸುಸ್ತು ಇನ್ನೆಷ್ಟು ದಿನ ಡಾಕ್ಟ್ರೇ?" ಅಂತ ಅವರ ಎದುರಿಗೇ ಕೇಳಿ. ಮನೆಗೆ ಬಂದು ಅದನ್ನು ಅತ್ತೆಗೆ ಹೇಳುವ ಕೆಲಸ ಅವರದ್ದು.