ಸ್ಟೆಂಟ್ ಸಾಲದು, ಸ್ನಾಯು ಬಿಡಿಸಬೇಕು

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗನಿಗೆ 22 ವರ್ಷ, ಕಬಡ್ಡಿ ಆಡುತ್ತಾನೆ. ಸ್ವಲ್ಪ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಮಂಡಿಯ ಹಿಂದಿನ ಪಾಪ್ಲಿಟಿಯಲ್ ರಕ್ತನಾಳ ಸ್ನಾಯುವಿಗೆ ಸಿಕ್ಕಿ ಕಿರಿದಾಗಿದೆಯಂತೆ. ಆಪರೇಷನ್ ಬದಲು ಸ್ಟೆಂಟ್ ಹಾಕಿಸಬಾರದೇ?’

ಉತ್ತರ: ಮಗನಿಗೆ ಕತ್ತಿ ತಾಗಿಸಲು ಯಾವ ತಂದೆಗೂ ಮನಸ್ಸು ಬರುವುದಿಲ್ಲ. ಒಳಗೆ ಕೊಬ್ಬು ಕಟ್ಟಿದ ನಾಳಕ್ಕೆ ಸ್ಟೆಂಟ್, ಅಂದರೆ ನಾಳವನ್ನು ಒಳಗಿನಿಂದ ತೆರೆದಿಡುವ ಜಾಲರಿ ಕೊಳವೆ, ಒಳ್ಳೆಯ ಉಪಾಯವೇ, ಒಪ್ಪುತ್ತೇನೆ. ಆದರೆ ನಿಮ್ಮ ಮಗನ ನಾಳವನ್ನು ಹಿಸುಕುತ್ತಿರುವುದು ಹೊರಗಿನ ಸ್ನಾಯು. ಆ ಹಿಡಿತ ಹಾಗೇ ಇರುವಾಗ ಜಾಲರಿ ಕೂರಿಸಿದರೆ ಪ್ರತಿ ಓಟದಲ್ಲೂ ಅದು ನಜ್ಜಾಗುತ್ತದೆ. ಮುರಿಯಬಹುದು, ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಬಹುದು.

1879ರಲ್ಲಿ ಎಡಿನ್‌ಬರೋದ ವೈದ್ಯಕೀಯ ವಿದ್ಯಾರ್ಥಿ ಆಂಡರ್ಸನ್ ಸ್ಟುವರ್ಟ್ ನಾಳ ಹೀಗೆ ಸ್ನಾಯುವಿಗೆ ಸಿಕ್ಕುವುದನ್ನು ಗುರುತಿಸಿದ್ದು ಕತ್ತರಿಸಿ ತೆಗೆದ ಕಾಲೊಂದರಲ್ಲಿ. 1959ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಶಸ್ತ್ರವೈದ್ಯ ಹ್ಯಾಮಿಂಗ್ 12 ವರ್ಷದ ಹುಡುಗನ ನಾಳ ಬಿಡಿಸಿದರು. ಚಿಕಿತ್ಸೆಯ ತಿರುಳು ಇಂದಿಗೂ ಅದೇ.

ರೋಗಿಯನ್ನು ಬೋರಲು ಮಲಗಿಸಿ ಮಂಡಿಯ ಹಿಂದೆ ‘ಎಸ್’ ಆಕಾರದಲ್ಲಿ ಕೊಯ್ಯುತ್ತಾರೆ. ಮಡಿಕೆಯನ್ನು ದಾಟಿ ಉದ್ದಕ್ಕೆ ನೇರ ಕೊಯ್ದರೆ ಕಲೆ ಬಿಗಿದು ಮಂಡಿ ಚಾಚಲು ಕಷ್ಟ. ಮೊದಲು ಸಿಗುವುದು ಟಿಬಿಯಲ್ ನರ, ಅದನ್ನು ನೋಯಿಸದೆ ಸರಿಸಬೇಕು. ಅದರಡಿ ಅಭಿಧಮನಿ, ಇನ್ನೂ ಆಳಕ್ಕೆ ಅಪಧಮನಿ. ಮೀನಖಂಡದ ಗ್ಯಾಸ್ಟ್ರೋಕ್ನೀಮಿಯಸ್ ಸ್ನಾಯುವಿನ ಒಳತಲೆಯನ್ನೋ (ಒಳಬದಿಯ ಮೇಲ್ತುದಿ) ಅದರ ಹೆಚ್ಚುವರಿ ಎಳೆಯನ್ನೋ ಕತ್ತರಿಸುತ್ತಾರೆ. ಒಂದು ನಾರುಪಟ್ಟಿ ಉಳಿದರೂ ಒತ್ತಡ ಮರಳಬಹುದು. ಒಳತಲೆ ಹೋದರೆ ಮಗ ಕುಂಟುತ್ತಾನೆಂಬ ಭಯ ಬೇಡ. ಉಳಿದ ಸ್ನಾಯುಗಳು ನಡಿಗೆಯನ್ನು ನಿಭಾಯಿಸುತ್ತವೆ.

ನಾಳದ ಗೋಡೆ ಆರೋಗ್ಯವಾಗಿದ್ದರೆ ಇಷ್ಟೇ ಸಾಕು. ನಿಮ್ಮ ಮಗನದು ಕಿರಿದಾಗಿರುವುದರಿಂದ ಕೆಟ್ಟ ತುಂಡಿಗೆ ಅವನದೇ ಕಾಲಿನ ಸಫೀನಸ್ ಸಿರೆಯನ್ನು ಜೋಡಿಸಬೇಕಾಗಬಹುದು. ಸಿರೆಯೊಳಗಿನ ಕವಾಟಗಳು ಹರಿವಿಗೆ ಅಡ್ಡಬಾರದಂತೆ ಅದನ್ನು ತಿರುಗಿಸಿ ಹೊಲಿಯುತ್ತಾರೆ. ತಡವಾದಷ್ಟೂ ಬರೀ ಸ್ನಾಯು ಬಿಡಿಸಿ ಮುಗಿಸುವ ಅವಕಾಶ ಕಡಿಮೆ.

ಆರೋಗ್ಯವಂತರಲ್ಲೂ ಪಾದವನ್ನು ಬಲವಾಗಿ ಕೆಳಗೊತ್ತಿದಾಗ ಈ ನಾಳ ಮುಚ್ಚುವುದುಂಟು. ಆದ್ದರಿಂದ ರಕ್ತದ ಹರಿವು ತೋರಿಸುವ ಒಂದು ಡಾಪ್ಲರ್ ಸ್ಕ್ಯಾನ್ ನೋಡಿ ಟೇಬಲ್ ಹತ್ತಿಸಬಾರದು. ಎಂಆರ್‌ಐನಲ್ಲಿ ಸ್ನಾಯುವಿನ ದೋಷ ಕಂಡಿದೆಯೇ ಎಂದು ಕೇಳಿ. ಇನ್ನೊಂದು ಕಾಲನ್ನೂ ಪರೀಕ್ಷೆ ಮಾಡಿಸಿ, ಎರಡೂ ಕಡೆ ಇರುವುದು ಅಪರೂಪವಲ್ಲ.

ನನ್ನ ಸಿಟ್ಟು ಬೇರೆಯೇ ಇದೆ. ಹುಡುಗನ ಕಾಲು ನೋವೆಂದರೆ ಸ್ನಾಯುಸೆಳೆತ ಎಂದು ಮುಲಾಮು ಬರೆದುಕೊಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಪಾದ ಮಾತ್ರ ಮುಟ್ಟುವುದಿಲ್ಲ. ಮಂಡಿ ನೇರವಾಗಿಸಿ, ಪಾದದ ಮೇಲಿನ ನಾಡಿಗೆ ಬೆರಳಿಟ್ಟು, ‘ಪಾದ ಕೆಳಗೊತ್ತು’ ಎನ್ನಲು ಒಂದು ನಿಮಿಷ ಬೇಡ. ನಾಡಿ ಮಾಯವಾದರೆ ಮುಂದಿನ ಪರೀಕ್ಷೆಗೆ ಅಷ್ಟೇ ಕಾರಣ ಸಾಕು.