ಸಂಪಾದಕರ ಉತ್ತರ: ಬೈಲಕುಪ್ಪೆಯಲ್ಲಿ ಕಂಡದ್ದು

ಮೈಸೂರಿನ ಓದುಗರೊಬ್ಬರು ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆಯ ಸ್ವರ್ಣಮಂದಿರವನ್ನು ನೋಡಿ ಬಂದು ನಮಗೆ ಪತ್ರ ಬರೆದಿದ್ದಾರೆ. ಬುದ್ಧನಿಗೆ ಕೈಮುಗಿದು ಹೊರಬಂದಾಗ ಹತ್ತಿರದ ಹೋಟೆಲಿನಲ್ಲಿ ಭಿಕ್ಷುಗಳು ಮಾಂಸದ ಮೊಮೊ ತಿನ್ನುತ್ತಿದ್ದುದನ್ನು ಕಂಡು ಅವರ ಮನಸ್ಸು ಮುರಿಯಿತಂತೆ. ‘ಅಹಿಂಸೆಯನ್ನು ಬೋಧಿಸುವವರ ಈ ನಡೆಯನ್ನು ಬೂಟಾಟಿಕೆ ಎನ್ನದೆ ಏನೆನ್ನಬೇಕು?’ ಎಂದು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದು. ಹತ್ತೊಂಬತ್ತನೆಯ ಶತಮಾನದ ಟಿಬೆಟಿನ ಯೋಗಿ, ಕವಿ ಶಬ್ಕರ್ ಕೂಡ ಮಾಂಸಾಹಾರವನ್ನು ಕಟುವಾಗಿ ಖಂಡಿಸಿದ್ದರು. ಆದರೆ ಅವರು ಒಳಗಿದ್ದು ಕೇಳಿದ ಪ್ರಶ್ನೆಗೂ ನೀವು ಒಂದು ಮಧ್ಯಾಹ್ನದಲ್ಲಿ ಕೊಟ್ಟ ತೀರ್ಪಿಗೂ ಬಹಳ ಅಂತರವಿದೆ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದ, ಸೊಪ್ಪು ತರಕಾರಿ ಅಪರೂಪವಾದ ಟಿಬೆಟಿನ ಪ್ರಸ್ಥಭೂಮಿಯಲ್ಲಿ ಬಾರ್ಲಿಯ ಹಿಟ್ಟು, ಬೆಣ್ಣೆ, ಯಾಕ್ ಮತ್ತು ಕುರಿಯ ಮಾಂಸಗಳೇ ಜನರನ್ನು ಬದುಕಿಸಿದವು. ಅಲ್ಲಿಯೂ ಟಿಬೆಟನ್ನರು ಜೀವದ ಲೆಕ್ಕವನ್ನು ಬಿಡಲಿಲ್ಲ: ಹಲವಾರು ಮೀನು, ಕೋಳಿಗಳ ಪ್ರಾಣ ತೆಗೆಯುವುದಕ್ಕಿಂತ ಅನೇಕರ ಹೊಟ್ಟೆ ತುಂಬಿಸುವ ಒಂದು ದೊಡ್ಡ ಪ್ರಾಣಿಯನ್ನು ಕೊಲ್ಲುವುದು ಕಡಿಮೆ ಪಾಪವೆಂದು ಬಗೆದರು. ತನಗಾಗಿಯೇ ಕೊಂದದ್ದೆಂದು ಕಂಡ, ಕೇಳಿದ ಅಥವಾ ಶಂಕಿಸಿದ ಮಾಂಸವನ್ನು ಭಿಕ್ಷು ಮುಟ್ಟಬಾರದೆಂಬ ‘ವಿನಯ’ದ, ಅಂದರೆ ಬೌದ್ಧ ಭಿಕ್ಷುಗಳ ನಡವಳಿಕೆಯ ಕಟ್ಟಳೆಯ, ನಿಯಮವೂ ಹಳೆಯದು. ದಕ್ಷಿಣ ಭಾರತಕ್ಕೆ ಬಂದು ನೆಲೆಸಿದ ಮೇಲೆ, ತರಕಾರಿ ಧಾರಾಳವಾಗಿ ಸಿಗುವಲ್ಲಿ, ದೊಡ್ಡ ಮಠಗಳ ಸಾಮೂಹಿಕ ಅಡುಗೆಮನೆಗಳು ಮಾಂಸವನ್ನು ಕೈಬಿಟ್ಟಿವೆ. ಇದನ್ನು ಯಾರಾದರೂ ಒಬ್ಬ ಭಿಕ್ಷುವನ್ನು ಕೇಳಿದ್ದರೂ ನಿಮಗೆ ತಿಳಿಯುತ್ತಿತ್ತು.

ನಾನೂ ಒಮ್ಮೆ ಹೀಗೆಯೇ ಎಡವಿದವನು. ಬಹಳ ವರ್ಷಗಳ ಹಿಂದೆ ಅದೇ ಊರಿನಲ್ಲಿ ಮುದುಕರೊಬ್ಬರು ನನ್ನನ್ನು ಕಂಡೊಡನೆ ನಾಲಿಗೆಯನ್ನು ಹೊರಚಾಚಿದರು. ಅಣಕಿಸಿದರೆಂದು ಸಿಟ್ಟಾಗಿ ಮುಖ ತಿರುಗಿಸಿಕೊಂಡು ಬಂದೆ. ಅದು ಅವರ ಹಿರಿಯರ ಕಾಲದ ಗೌರವದ ವಂದನೆಯೆಂದು ಸಂಜೆ ಸ್ವೆಟರ್ ಅಂಗಡಿಯ ಹುಡುಗನೊಬ್ಬ ಹೇಳಿದ, ಅದೂ ಅಚ್ಚ ಕನ್ನಡದಲ್ಲಿ. ಮರುದಿನ ಹುಡುಕಿದರೆ ಆ ಹಿರಿಯರು ಸಿಗಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ನಮ್ಮನ್ನೂ ಹೀಗೆ ಅಳೆದವರಿದ್ದಾರೆ. 1817ರಲ್ಲಿ ಭಾರತದ ಚರಿತ್ರೆಯನ್ನು ಪ್ರಕಟಿಸಿದ ಬ್ರಿಟಿಷ್ ಲೇಖಕ ಜೇಮ್ಸ್ ಮಿಲ್ ಈ ನೆಲಕ್ಕೆ ಕಾಲಿಟ್ಟವನಲ್ಲ, ಇಲ್ಲಿನ ಒಂದು ಭಾಷೆಯನ್ನೂ ಕಲಿತವನಲ್ಲ. ಅದು ಕೊರತೆಯೇ ಅಲ್ಲವೆಂದು ಮುನ್ನುಡಿಯಲ್ಲಿ ವಾದಿಸಿದ. ಇಲ್ಲಿಗೆ ಆಳಲು ಬರುವ ತರುಣ ಅಧಿಕಾರಿಗಳು ಆ ಪುಸ್ತಕವನ್ನೇ ಓದಿಕೊಂಡು ಹಡಗು ಹತ್ತಿದರು. ಅದೇ ಶತಮಾನದಲ್ಲಿ, 1853ರಲ್ಲಿ, ಮತಪ್ರಚಾರಕ್ಕೆಂದೇ ಬಂದ ಕಿಟ್ಟೆಲ್ ನಮ್ಮ ಮಾತನ್ನು ಕಿವಿಗೊಟ್ಟು ಕೇಳಿದರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಒಂದು ಜನವನ್ನು ಅರಿಯಲು ಬೇಕಾದ ತಾಳ್ಮೆಯ ಅಳತೆ ಅದು.

ಆ ತಾಳ್ಮೆ ನಮ್ಮಲ್ಲಿ ಎಲ್ಲಿದೆ? ಟಿಬೆಟನ್ನರು ನಮ್ಮ ನೆರೆಯಲ್ಲಿ ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಇದ್ದಾರೆ. ಅವರ ಮಕ್ಕಳು ಕನ್ನಡ ಕಲಿತರು. ಅವರ ನುಡಿಯಲ್ಲಿ ನಾಲ್ಕು ವಾಕ್ಯ ಆಡಬಲ್ಲ ಒಬ್ಬ ಕನ್ನಡಿಗರನ್ನೂ ನಾನು ಈವರೆಗೆ ಕಂಡಿಲ್ಲ. ಯಲ್ಲಾಪುರ, ಹಳಿಯಾಳಗಳ, ಆಫ್ರಿಕಾ ಮೂಲದ ಸಿದ್ದಿಯರು ಶತಮಾನಗಳಿಂದ ಇಲ್ಲಿಯವರೇ ಆಗಿದ್ದರೂ ಬಸ್ಸಿನಲ್ಲಿ ಅವರನ್ನು ‘ಯಾವ ದೇಶ?’ ಎಂದು ಕೇಳುತ್ತೇವೆ. ನಮ್ಮ ಪತ್ರಿಕೆಗೆ ಬರುವ ಪ್ರವಾಸ ಲೇಖನಗಳಲ್ಲಿ ದಾರಿ, ವಸತಿ, ಊಟದ ಬೆಲೆ ಎಲ್ಲವೂ ಇರುತ್ತವೆ. ಆ ಊರಿನವರು ಆಡಿದ ಒಂದು ಮಾತು ಇರುವುದಿಲ್ಲ.

ನಿಮ್ಮ ಬರವಣಿಗೆ ಚೆನ್ನಾಗಿದೆ, ಕಣ್ಣು ಚುರುಕಾಗಿದೆ. ಇನ್ನೊಮ್ಮೆ ಹೋಗಿ, ಎರಡು ದಿನ ಉಳಿದು, ಆ ಭಿಕ್ಷುಗಳ ಜೊತೆಯಲ್ಲೇ ಕುಳಿತು ಮಾತಾಡಿ ಬಂದು ಬರೆಯಿರಿ. ಆ ಲೇಖನಕ್ಕೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಕಾದಿರಿಸಿದ್ದೇನೆ.